ಬದುವಿನ ಸೊಪ್ಪಿನ ಜಾಡು ಹಿಡಿದು ಅಕ್ಕಿಹೆಬ್ಬಾಳಿಗೆ

ಶ್ರೀರಂಗಪಟ್ಟಣದಲ್ಲಿ ಬೆಳಿಗ್ಗೆ ಏಳಕ್ಕೆ ಪಾಂಡವಪುರದ ಬಸ್ಸು ಹತ್ತಿದೆ. ಕೈಯಲ್ಲಿ ಖಾಲಿ ಬುಟ್ಟಿಯಿತ್ತು. ಬಾಬುರಾಯನಕೊಪ್ಪಲಿನ ನಾವು ಹನ್ನೊಂದು ಮನೆಯವರು ಎರಡು ವರ್ಷದಿಂದ ಅಕ್ಕಿಹೆಬ್ಬಾಳಿನ ಜಯಮ್ಮನವರ ಹೊಲದಿಂದ ವಾರಕ್ಕೊಮ್ಮೆ ತರಕಾರಿ ತರಿಸುತ್ತಿದ್ದೆವು. ಹೊಲದಲ್ಲಿ ಆ ವಾರ ಬಂದದ್ದು ನಮ್ಮ ಪಾಲು. ಬುಟ್ಟಿಯ ಮೇಲೆ ಸದಾ ಒಂದು ಕಟ್ಟು ಬೆರಕೆ ಸೊಪ್ಪು: ಅಣ್ಣೆ, ಗಣಿಕೆ, ಕೀರೆ, ಬದುವಿನ ಮೇಲೆ ತಾನಾಗಿ ಬೆಳೆದದ್ದು. ಅದರ ಬಸ್ಸಾರಿನ ಆಸೆಗೇ ಹೆಚ್ಚಿನವರು ಸೇರಿದ್ದರು.

ಕಳೆದ ವಾರ ಆ ಬಸ್ಸಾರು ಉಂಡ ಮೂರು ಮನೆಗಳಲ್ಲಿ ವಾಂತಿಯಾಯಿತು. ಸೊಪ್ಪೇ ಕಾರಣವೆಂದು ವೈದ್ಯರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಗುಂಪು ಕಟ್ಟಿದವನು ನಾನಾದ್ದರಿಂದ ವಿಚಾರಿಸಲು ನನ್ನನ್ನೇ ಕಳಿಸಿದರು. ಇನ್ನು ಸೊಪ್ಪು ಬೇಡ ಎಂಬ ಮಾತನ್ನೂ ಹೇಳಿ ಕಳಿಸಿದ್ದರು.

ಪಾಂಡವಪುರದಲ್ಲಿ ಮುಕ್ಕಾಲು ಗಂಟೆ ಕಾದು ಕೆ.ಆರ್. ಪೇಟೆಯ ಬಸ್ಸು ಹಿಡಿದೆ. ಚಿನಕುರಳಿ ದಾಟಿದ ಮೇಲೆ ಗದ್ದೆಗಳು ಹಸಿರಾಗಿದ್ದವು, ಬದುಗಳು ಮಾತ್ರ ಸುಟ್ಟಂತೆ ಹಳದಿ. ಈ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಗಮನಿಸಿರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಸೊಪ್ಪು ಮಾರುವ ಹೆಂಗಸನ್ನು ಬೆರಕೆ ಸೊಪ್ಪು ಕೇಳಿದೆ. ‘ಅದ್ನ ಈಗ ಯಾರ್ ತತ್ತಾರೆ ಸಾರ್? ಬದುಗೆಲ್ಲಾ ಕಳೆ ಔಷ್ದಿ ಒಡೀತಾರೆ. ದಂಟು ತಗಳಿ’ ಎಂದಳು.

ಅಕ್ಕಿಹೆಬ್ಬಾಳಿಗೆ ಆಟೋದಲ್ಲಿ ತಲುಪಿದಾಗ ಹನ್ನೊಂದೂವರೆ. ಜಯಮ್ಮ ಜಗುಲಿಯಲ್ಲಿ ಅಲಸಂದೆ ಬಿಡಿಸುತ್ತಿದ್ದರು. ವಿಷಯ ಹೇಳಿದೆ. ಅವರು ಒಳಗೆ ಕರೆದೊಯ್ದರು. ಅವರ ಅತ್ತೆ ನಿಂಗಮ್ಮ ಸುಸ್ತಾಗಿ ಚಾಪೆಯ ಮೇಲೆ ಮಲಗಿದ್ದರು. ಅವರೂ ಅದೇ ಸೊಪ್ಪು ಉಂಡಿದ್ದರು.

‘ಮದ್ವೆಯಾಗ್ ಬಂದಾಗಿಂದ ಕುಯ್ತಿವ್ನಿ ಕಣಪ್ಪಾ. ಬದಿನ ಸೊಪ್ಗೆ ಯಾರ್ನ ಕೇಳಾರು? ಅಸುರಾಗಿತ್ತು, ಕುಯ್ದೆ’ ಎಂದರು ಅಜ್ಜಿ.

ಆ ಊರಿನಲ್ಲಿ ಬದು ಯಾರದ್ದಾದರೂ ಸೊಪ್ಪು ಎಲ್ಲರದು. ಅಜ್ಜಿ ಕುಯ್ದದ್ದು ಪಕ್ಕದ ಹೊಲದ ಚಂದ್ರುವಿನ ಬದುವಿನಲ್ಲಿ. ಅವನು ಹಿಂದಿನ ಸಂಜೆ ಅಲ್ಲಿ ಕಳೆ ಔಷಧಿ ಹೊಡೆದಿದ್ದ. ಹೊಡೆದ ಎಲೆ ಮೂರು ನಾಲ್ಕು ದಿನ ಹಸಿರಾಗಿಯೇ ಇದ್ದು ಆಮೇಲೆ ಹಳದಿಯಾಗುತ್ತದೆ.

ಚಂದ್ರುವನ್ನು ಕರೆಸಿದರು. ‘ನನ್ ಬದುಗೆ ಔಷ್ದಿ ಒಡೆಯಕ್ಕೆ ಊರ್ಗೆಲ್ಲಾ ತಮ್ಟೆ ಸಾರಿಸ್ಬೇಕಿತ್ತಾ ಜಯಕ್ಕಾ?’ ಎಂದ.

‘ನಿಮ್ಮವ್ವನೂ ಅಲ್ಲೇ ಕುಯ್ತಿತ್ತಲ್ಲಾ, ಮರ್ತ್ಬುಟ್ಯೇನ್ಲಾ?’ ಎಂದರು ಜಯಮ್ಮ.

ಚಂದ್ರು ಚಾಪೆಯ ಕಡೆ ನೋಡಿ, ಟವಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಸೊಪ್ಪು ಬಿಟ್ಟು ಉಳಿದದ್ದು ಕಳಿಸಿ ಎಂದೆ. ‘ಬದ್ನೆ, ಸೋರೆ ನಿಮ್ಮೂರಲ್ಲೂ ಸಿಕ್ತವೆ ಸಾರ್. ಸೊಪ್ಪಿಲ್ದ ಬುಟ್ಟೀನ ಎಷ್ಟ್ ವಾರ ತಗತೀರಿ?’ ಎಂದರು ಜಯಮ್ಮ. ಮುದ್ದೆ, ಅಲಸಂದೆ ಸಾರು ಬಡಿಸಿದರು, ಉಂಡೆ. ಹೊರಡುವಾಗ ಹಿತ್ತಲಿನಿಂದ ಒಂದು ಹಿಡಿ ಸೊಪ್ಪು ಕಿತ್ತು ಬುಟ್ಟಿಗೆ ಹಾಕಿದರು.

‘ಇದು ನಮ್ಮಿತ್ಲುದು. ನಂಬ್ಕೆ ಇಲ್ದಿದ್ರೆ ನೀರಲ್ಲಿಟ್ಟು ನಾಕ್ ದಿನ ನೋಡಿ. ಅಳದಿ ಆಗ್ನಿಲ್ಲಾ ಅಂದ್ರೆ ಬೇಯ್ಸಿ.’

ಸಂಜೆ ಮನೆ ತಲುಪಿ ಸೊಪ್ಪನ್ನು ಚೊಂಬಿನ ನೀರಿನಲ್ಲಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಅಕ್ಕಪಕ್ಕದವರು ದಿನವೂ ಬಂದು ನೋಡಿ ಹೋದರು. ಅಷ್ಟರಲ್ಲಿ ಎಂಟು ಮನೆಯವರು ಬುಟ್ಟಿಯೇ ಬೇಡವೆಂದಿದ್ದರು. ಐದನೆಯ ದಿನ ಜಯಮ್ಮ ಫೋನು ಮಾಡಿದರು.

‘ಅಳದಿ ಆಯ್ತಾ ಸಾರ್?’

ಇಲ್ಲ ಎಂದೆ.

‘ಉಂಡ್ರಾ?’

ಅದಕ್ಕೂ ಇಲ್ಲವೆಂದೇ ಹೇಳಬೇಕಾಯಿತು.