ಆಯಿಯ ಹಟ, ದೇವರ ಹೆಸರು

ಎಳ್ಳು ಹುರಿಯುವ ವಾಸನೆ ಬಂದರೆ ನನಗೆ ಇಂದಿಗೂ ಹಬ್ಬಕ್ಕಿಂತ ಮೊದಲು ಸಂಶಯವೇ ನೆನಪಾಗುತ್ತದೆ. ತೊಂಬತ್ತರ ದಶಕದಲ್ಲಿ, ದೇವಣಗಾಂವದ ನಮ್ಮ ಮನೆ ಇನ್ನೂ ನಿಂತಿದ್ದಾಗ, ನಾಗರ ಪಂಚಮಿ ಬಂತೆಂದರೆ ಆಯಿ ಒಲೆಯ ಮುಂದೆ ಕೂತು ಉಂಡಿ ಕಟ್ಟುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ಗಾಳಿ ಬೀಸಿದರೂ ಯಾರು ಕಳಿಸಿದರೆಂದು ಕೇಳುವ ಹೆಂಗಸು. ಪಂಚಮಿಗೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಆದರೆ ಅಪ್ಪನ ತಂಗಿ ಶಾಂತಾ ಅತ್ತೆ ತಾನೇ ಮೆಚ್ಚಿದವನನ್ನು ಮದುವೆಯಾಗಿ ಇಂಡಿ ಪಟ್ಟಣ ಸೇರಿದ್ದಳು. ನಾಲ್ಕು ವರ್ಷ ಆಯಿ ಅವಳನ್ನು ಕರೆಸಿರಲಿಲ್ಲ.

ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದ ಮಾರ್ಥಾ ಅಕ್ಕೋರು ನಮ್ಮ ಶಾಲೆಯ ಶಿಕ್ಷಕಿ. ಸಂಜೆ ಕಟ್ಟೆಯ ಮೇಲೆ ಕೂತು ಬೈಬಲಿನ ಕತೆ ಹೇಳುತ್ತಿದ್ದರು. ಹಬ್ಬಕ್ಕೆರಡು ದಿನವಿರುವಾಗ ಐಗುಪ್ತದ, ಅಂದರೆ ಈಜಿಪ್ಟಿನ, ಅರಸನ ಕತೆ ಬಂತು. ಕಪ್ಪೆ, ಮಿಡತೆಗಳ ಕಾಟ ಬಂದಾಗಲೆಲ್ಲ ಅವನು ಹಿಡಿದಿಟ್ಟ ಜನರಿಗೆ ಹೋಗಿ ಅನ್ನುವನಂತೆ, ಕಾಟ ತಪ್ಪಿದೊಡನೆ ಮಾತು ತಿರುಗಿಸುವನಂತೆ. ದೇವರೇ ಅವನ ಹೃದಯ ಕಲ್ಲು ಮಾಡಿದ ಅಂದಾಗ, ಪಕ್ಕದಲ್ಲಿ ಎಳ್ಳು ಹಸನು ಮಾಡುತ್ತಿದ್ದ ಆಯಿಯ ಕೈ ನಿಂತಿತು.

"ತಾನ ಕಲ್ಲ ಮಾಡಿ, ತಾನ ಹೊಡದರ ಅದೆಂಥಾ ನ್ಯಾಯರಿ ಅಕ್ಕೋರ?"

"ಮೊದಲ ಅಂವಾನೂ ಹಟಾ ಹಿಡದಿದ್ದರಿ, ಆಯಿ."

ಮರುದಿನ ಆಯಿಗೆ ಏನನ್ನಿಸಿತೋ, ಅಪ್ಪನಿಗೆ "ಹೋಗು, ಅಕಿನ್ನ ಕರಕೊಂಡ ಬಾ" ಅಂದಳು. ಅಪ್ಪ ಚೀಲ ಹಿಡಿದು ಹೊರಟ. ಹನ್ನೊಂದು ವರ್ಷದ ನನ್ನ ಬಾಯಿ ಸುಮ್ಮನಿರಬೇಕಲ್ಲ! ಅಕ್ಕೋರಿಗೆ ಇಂಡಿಯಿಂದ ಕಾಗದ ಬಂದೈತಿ ಅಂದುಬಿಟ್ಟೆ. ಆಯಿಯ ಮುಖ ಬಿಗಿಯಿತು. "ಹಂಗಂದ್ರ ಶಾಂತಾನ ಈ ಕತಿ ಹೇಳಿಸ್ಯಾಳ. ಓಡಬೇ, ನಿಮ್ಮಪ್ಪನ್ನ ಹೊಳ್ಳಿ ಕರಿ!" ಓಡಿದೆ. ಬಸ್ಸು ಹತ್ತಿದ್ದ ಅಪ್ಪ ಇಳಿದು ಬಂದ. ಅಕ್ಕೋರು ಪಾಪ, ಕಾಗದವನ್ನೇ ತಂದು ಕೊಟ್ಟರು. ಆಯಿಗೆ ಓದು ಬಾರದು, ಅಪ್ಪನಿಗೂ ಬಾರದು; ಅಕ್ಕೋರ ಮಾತು ನಂಬದೆ ನನ್ನ ಕೈಗಿಟ್ಟಳು. ಅಕ್ಕೋರ ತಮ್ಮ ಇಂಡಿಯಲ್ಲಿ ನೌಕರಿ ಸಿಕ್ಕಿದೆ ಎಂದು ಬರೆದಿದ್ದ, ಅಷ್ಟೇ. ಚಾಡಿ ಹೇಳಿದ್ದಕ್ಕೆ ಬೆನ್ನಿಗೆ ಏಟು ಬೀಳುತ್ತದೆಂದು ಹೆದರಿ, "ಅಕ್ಷರ ತಿಳಿವಲ್ದು" ಅಂದೆ. ಆಯಿ ಅಕ್ಕೋರ ಕಡೆ ತಿರುಗಿ, "ನಿಮ್ಮ ದೇವರ ನನ್ನ ಮನಸ ಕಲ್ಲ ಮಾಡ್ಯಾನ. ಅವನ್ನ ಕೇಳ್ರಿ" ಅಂದಳು. ಆ ಪಂಚಮಿಗೂ ಅತ್ತೆ ಬರಲಿಲ್ಲ.

ಚಳಿಗಾಲದಲ್ಲಿ ಅತ್ತೆ ಹೆರಿಗೆಯಲ್ಲಿ ತೀರಿಕೊಂಡಳು. ಮುತ್ತೈದೆ ಸತ್ತರೆ ತವರಿನ ಸೀರೆ ಉಡಿಸಿಯೇ ಎತ್ತಬೇಕು. ಆಯಿ ಯಾರಿಗೂ ಕೊಡದೆ ಆ ಸೀರೆಯನ್ನು ಇಂಡಿಯವರೆಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಾನೇ ಉಡಿಸಿದಳು, ನಾಲ್ಕು ವರ್ಷ ತುಂಬದೆ ಬಿಟ್ಟಿದ್ದ ಉಡಿಯನ್ನು ಅಕ್ಕಿ, ಕಾಯಿ ಇಟ್ಟು ತುಂಬಿದಳು. ಊರಿಗೆ ಬಂದವಳು ನೇರ ಅಕ್ಕೋರ ಬಾಗಿಲಿಗೆ ಹೋದಳು.

"ದೇವರ ಮ್ಯಾಲ ಹಾಕಿದ್ದೆನಲ್ಲ ಅಕ್ಕೋರ, ಸುಳ್ಳ ಅದು. ಹಟಾ ನಂದ ಇತ್ತು."

ನಾನು ಅವಳ ಸೆರಗು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆ ಕಾಗದ ನನಗ ಓದಾಕ ಬಂದಿತ್ತು, ತಪ್ಪ ನಂದೂ ಐತಿ ಆಯಿ ಅನ್ನಲು ಅದೇ ಹೊತ್ತು. ಅನ್ನಲಿಲ್ಲ. ಆಮೇಲೆ ಹತ್ತು ವರ್ಷ ಆಯಿ ಬದುಕಿದ್ದಳು, ಆಗಲೂ ಅನ್ನಲಿಲ್ಲ.