ಕನ್ನಿ ತಿಂಗಳ ಮಗಳು

ಮರ ಮುರಿಯುವ ಮೊದಲು ಸಣ್ಣಗೆ ಒಂದು ಸದ್ದು ಮಾಡುತ್ತದೆ. ಕೊಚ್ಚಿಯ ಮಟ್ಟಾಂಚೇರಿಯ ಒಂದು ಕಚೇರಿಯ ಮಾಳಿಗೆಯಲ್ಲಿ ನಾನು ಅದನ್ನು ಕೇಳಿದೆ. ಏನೆಂದು ತಿಳಿಯುವಷ್ಟರಲ್ಲಿ ರಿಜಿಸ್ಟರುಗಳ ದೊಡ್ಡ ಕಪಾಟು ಮುಂದಕ್ಕೆ ವಾಲಿತ್ತು. ಅದರ ಕೆಳಗೆ ಇಬ್ಬರಿದ್ದರು, ಅಲ್ಲಿಯ ಗುಮಾಸ್ತ ಮತ್ತು ನನ್ನ ಚಿಕ್ಕಮ್ಮ. ಈಗಲೂ ಯಾರಾದರೂ ಎತ್ತರದ ಹಲಗೆಯಿಂದ ಪುಸ್ತಕ ಎಳೆಯುವುದನ್ನು ಕಂಡರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ನಾವು ಅಲ್ಲಿಗೆ ಹೋದದ್ದು ಚಿಕ್ಕಮ್ಮ ಯಾರ ಮಗಳು ಎಂದು ತೋರಿಸುವುದಕ್ಕೆ.

ನಮ್ಮದು ಕಾಸರಗೋಡು ಕಡೆಯ ಅಳಿಯಸಂತಾನದ ಮನೆ. ಮನೆತನ ತಾಯಿಯಿಂದ ಬರುತ್ತದೆ. ಯಾವ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದೆವು ಎನ್ನುವುದರ ಮೇಲೆ ಮನೆಯಲ್ಲಿ ನಮ್ಮ ಜಾಗ. ಅದು ತಪ್ಪಿದರೆ ನೆಂಟರಾಗಿ ಬಂದು ಹೋಗಬಹುದು, ಅಷ್ಟೇ. ನನ್ನ ಅಜ್ಜ ಮಟ್ಟಾಂಚೇರಿಯ ಒಂದು ಶುಂಠಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಜ್ಜಿ ಅಲ್ಲೇ ತೀರಿಕೊಂಡರು. ಅಜ್ಜ ಇಬ್ಬರು ಹೆಣ್ಣುಮಕ್ಕಳನ್ನು ತಂದು ಅಜ್ಜಿಯ ಮನೆಯಲ್ಲಿ ಬಿಟ್ಟುಹೋದರು. ದೊಡ್ಡವಳು ನನ್ನ ಅಮ್ಮ. ಕೈಗೂಸಾಗಿದ್ದವಳು ಚಿಕ್ಕಮ್ಮ.

ನಮ್ಮ ತಾಲೂಕು ಕೇರಳಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಮನೆಯ ಪಾಲಿನ ಮಾತು ಎದ್ದು, ಮನೆಯ ಯಜಮಾನರಾಗಿದ್ದ ಅಜ್ಜಿಯ ಅಣ್ಣ ಕೋರ್ಟಿಗೆ ಕೊಡಲು ವಂಶವೃಕ್ಷ ಬರೆಸುತ್ತಿದ್ದರು. ಊರ ಹೊರಗೆ ಹುಟ್ಟಿದವರ ವಿವರ ಕೇಳಿ ತಿರುವನಂತಪುರಕ್ಕೆ ಬರೆದರು. ಅಲ್ಲಿ ಹುಟ್ಟು ಸಾವಿನ ಹಳೆಯ ಮಲಯಾಳಂ ರಿಜಿಸ್ಟರುಗಳಿಗೆ ಇಂಗ್ಲಿಷಿನಲ್ಲಿ ಒಂದು ಸೂಚಿಯನ್ನು ಮಾಡಿಟ್ಟಿದ್ದರು. ಅದರಿಂದ ಬಂದ ನಕಲಿನ ಪ್ರಕಾರ ಅಜ್ಜಿ ಸತ್ತದ್ದು ಜನವರಿಯಲ್ಲಿ, ಚಿಕ್ಕಮ್ಮ ಹುಟ್ಟಿದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ತಾಯಿ ಸತ್ತು ಎಂಟು ತಿಂಗಳಾದ ಮೇಲೆ ಮಗು.

“ನಾನು ಮೊದಲೇ ಹೇಳಿದ್ದೆ,” ಎಂದರಂತೆ ಯಜಮಾನರು. “ಆ ಮಂಡಿಯವನಿಗೆ ಅಲ್ಲಿ ಇನ್ನೊಬ್ಬಳಿದ್ದಳು. ಅವಳ ಮಗುವನ್ನು ನಮ್ಮ ತಲೆಗೆ ಕಟ್ಟಿದ. ಸರ್ಕಾರದ ಕಾಗದ ಸುಳ್ಳು ಹೇಳ್ತದಾ?”

ಅಮ್ಮ ತನ್ನ ತಾಯಿಯ ಮಡಿಲಲ್ಲಿ ಮಗುವನ್ನು ಕಂಡ ನೆನಪು ಹೇಳಿದಳು. ಮೂರು ವರ್ಷದವಳ ನೆನಪನ್ನು ಯಾರು ಕೇಳುತ್ತಾರೆ? ಯಜಮಾನರು ಎಲ್ಲರೆದುರು ನಕಲು ಓದಿ ಚಿಕ್ಕಮ್ಮನ ಹೆಸರನ್ನು ಹೊಡೆದುಹಾಕಿದರು. ಅವಳ ಇಬ್ಬರು ಹೆಣ್ಣುಮಕ್ಕಳೂ ಅದರೊಂದಿಗೇ ಮನೆಯಿಂದ ಹೊರಗಾದರು.

ಆಗ ನಾನು ಬಿ.ಎ. ಮುಗಿಸಿ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದೆ. ಬಿಡುವು ಮಾಡಿಕೊಂಡು ಹೋಗಿ ಸೂಚಿ ನೋಡಿದೆ. ನಕಲಿನಲ್ಲಿ ತಪ್ಪಿರಲಿಲ್ಲ, ಸೂಚಿಯಲ್ಲೇ ಹಾಗಿತ್ತು. ಇನ್ನು ದಾರಿಯಿಲ್ಲವೆಂದು ಚಿಕ್ಕಮ್ಮನಿಗೆ ಬರೆದೆ. ಅವಳು ಉತ್ತರ ಬರೆಯಲಿಲ್ಲ. ರೈಲು, ಬಸ್ಸು ಹತ್ತಿ ತಾನೇ ಬಂದಳು. ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವಳು, ಕೈಚೀಲದಲ್ಲಿ ಪೆನ್ಸಿಲು ಯಾವಾಗಲೂ ಇರುತ್ತಿತ್ತು.

ಸೂಚಿಯ ಮುಂದೆ ಕೂತು ಅವಳು ತನ್ನ ಹೆಸರನ್ನು ಒಮ್ಮೆ ನೋಡಿದಳು, ಆಮೇಲೆ ಬೇರೆಯವರ ಮಕ್ಕಳನ್ನು ನೋಡುತ್ತ ಕೂತಳು.

“ಊರವರ ಮಕ್ಕಳೆಲ್ಲ ನಿನಗೆ ಯಾಕೆ ಚಿಕ್ಕಮ್ಮ?”

“ಸುಮ್ಮನಿರು ಮಾರಾಯ. ಇಲ್ಲಿ ನೋಡು. ಒಂದೇ ವರ್ಷ, ಒಂದೇ ರಿಜಿಸ್ಟರು. ಜನವರಿಯ ಮಗುವಿನ ನಂಬರು ದೊಡ್ಡದು, ಸೆಪ್ಟೆಂಬರಿನ ಮಗುವಿನದ್ದು ಸಣ್ಣದು. ಆಮೇಲೆ ಹುಟ್ಟಿದವ ಮೊದಲೇ ಬಂದು ಬರೆಸಿಕೊಂಡನಾ?”

ನನಗೆ ಆಗಲೂ ಹೊಳೆಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ನಮಗೆ ವರ್ಷ ತಿರುಗುವುದು ಬಿಸುವಿಗೆ, ಏಪ್ರಿಲಿನಲ್ಲಿ. ಕೊಚ್ಚಿಯವರ ಕೊಲ್ಲಂ ವರ್ಷ ತಿರುಗುವುದು ಚಿಂಗಂ ತಿಂಗಳಲ್ಲಿ, ಆಗಸ್ಟಿನ ನಡುವೆ. ಅದಕ್ಕೆ ಎಂಟುನೂರ ಇಪ್ಪತ್ತೈದು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ. ಆದರೆ ಚಿಂಗಂನಿಂದ ಡಿಸೆಂಬರ್ ಮುಗಿಯುವವರೆಗೆ ಒಂದು ಕಡಿಮೆ ಕೂಡಿಸಬೇಕು. ಸೂಚಿ ಮಾಡಿದವರು ಎಲ್ಲ ತಿಂಗಳಿಗೂ ಒಂದೇ ಲೆಕ್ಕ ಹಾಕಿದ್ದರು. ಚಿಕ್ಕಮ್ಮ ಕನ್ನಿ ತಿಂಗಳಲ್ಲಿ, ಎಂದರೆ ಸೆಪ್ಟೆಂಬರಿನಲ್ಲಿ ಹುಟ್ಟಿದವಳು, ಆದ್ದರಿಂದ ಕಾಗದದಲ್ಲಿ ಒಂದು ವರ್ಷ ತಡವಾಗಿ ಹುಟ್ಟಿದಳು. ಅಜ್ಜಿ ಸತ್ತದ್ದು ಜನವರಿ, ಅದು ಸರಿಯಾಗಿಯೇ ಬಂತು.

“ನಾಲ್ಕನೇ ಕ್ಲಾಸಿನ ಮಕ್ಕಳಾದರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ,” ಎಂದಳು.

ಅಲ್ಲಿಯ ಅಧಿಕಾರಿ ತಲೆ ಆಡಿಸಿದರು, ಆದರೆ ಮೂಲ ರಿಜಿಸ್ಟರಿನ ನಕಲು ಬೇಕೆಂದರು. ಹಾಗೆ ನಾವು ಎರ್ನಾಕುಳಕ್ಕೆ ಹೋಗಿ, ಬೋಟು ದಾಟಿ ಮಟ್ಟಾಂಚೇರಿಯಲ್ಲಿ ಇಳಿದೆವು. ಕಚೇರಿ ಒಂದು ಹಳೆಯ ಮಂಡಿಯ ಮೇಲಿತ್ತು. ಕೆಳಗೆ ಶುಂಠಿ ಚೀಲಗಳು, ಮೇಲೆ ಹುಟ್ಟು ಸಾವು. ಗುಮಾಸ್ತ ತೆಳ್ಳಗಿನ ಮನುಷ್ಯ, ನಗುತ್ತಲೇ ನಮ್ಮನ್ನು ಒಳಗೆ ಕರೆದ.

“ಅಮ್ಮ, ಆ ಕಾಲದ್ದೆಲ್ಲ ಮೇಲಿನ ಸಾಲಿನಲ್ಲಿದೆ. ಸಾರ್ ಎತ್ತರ ಇದ್ದಾರಲ್ಲ, ಅವರು ತೆಗೆಯಲಿ. ನಾನು ಕೆಳಗಿನದ್ದು ನೋಡ್ತೇನೆ.”

ನಾನು ಒಂದು ಕಟ್ಟು ತೆಗೆದು ಬೆಳಕಿಗೆಂದು ಕಿಟಕಿಯ ಹತ್ತಿರ ಒಯ್ದೆ. ಆಗ ಆ ಸದ್ದು. ಕಪಾಟಿನ ಕಾಲನ್ನು ಗೆದ್ದಲು ತಿಂದಿತ್ತು. ತಿರುಗಿದರೆ ಆ ಮರದ ಗೋಡೆಯೇ ಬರುತ್ತಿದೆ, ಗುಮಾಸ್ತ ಕುಕ್ಕರಗಾಲಿನಲ್ಲಿ ಕೂತು ಕೆಳಗಿನ ಸಾಲಿನ ಧೂಳು ಊದುತ್ತಿದ್ದಾನೆ. ಅವನಿಗೆ ಏನೂ ಗೊತ್ತಿಲ್ಲ. ನಾನು ಕಟ್ಟು ಹಿಡಿದುಕೊಂಡೇ ನಿಂತಿದ್ದೆ. ಅವನ ಪಕ್ಕ ನಿಂತಿದ್ದ ಚಿಕ್ಕಮ್ಮ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು, ಅವಳು ಪಾರು. ಅವಳು ಒಳಗಿನ ಕಡೆಗೆ ಬಗ್ಗಿದಳು. ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿ, ತುಂಟ ಹುಡುಗನನ್ನು ಎಳೆಯುವ ಹಾಗೆ ಎಳೆದಳು. ಇಬ್ಬರೂ ಬಾಗಿಲಿನಲ್ಲಿ ಬಿದ್ದರು. ಕಪಾಟು ನೆಲಕ್ಕಪ್ಪಳಿಸಿತು, ಕೆಳಗಿನ ಮಂಡಿಯಿಂದ ಜನ ಕೂಗಿದರು. ಧೂಳಿನಲ್ಲಿ ಸ್ವಲ್ಪ ಹೊತ್ತು ಯಾರು ಬದುಕಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಆ ಸ್ವಲ್ಪ ಹೊತ್ತು ನನ್ನೊಳಗೆ ಇನ್ನೂ ಮುಗಿದಿಲ್ಲ.

ಮೊದಲು ಕೇಳಿದ್ದು ಅವಳ ಕೆಮ್ಮು. ಆಮೇಲೆ ಮಾತು: “ಅಂಗಿ ಹರೀತು ಮಗಾ. ಹೊಲಿಸಿಕೊಡ್ತೇನೆ.”

ಗುಮಾಸ್ತ ಅಳುತ್ತಿದ್ದ. ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಸೆರಗು ಸುತ್ತಿಕೊಂಡು ನೆಲದಲ್ಲಿ ಚೆಲ್ಲಿದ್ದ ಕಟ್ಟುಗಳ ನಡುವೆ ಕೂತಳು. ಇವತ್ತು ಬೇಡ ಎಂದರೆ ಕೇಳಲಿಲ್ಲ. “ಬಿದ್ದದ್ದು ಒಳ್ಳೇದೇ ಆಯ್ತು, ಏಣಿ ಹತ್ತುವ ಕೆಲಸ ಇಲ್ಲ.” ಸಂಜೆಯೊಳಗೆ ಎರಡೂ ದಾಖಲೆ ಸಿಕ್ಕವು. ಒಂದೇ ಕೊಲ್ಲಂ ವರ್ಷ. ಕನ್ನಿಯಲ್ಲಿ ಹೆಣ್ಣುಮಗು, ತಾಯಿಯ ಹೆಸರು, ನಮ್ಮ ಮನೆಯ ಹೆಸರು. ನಾಲ್ಕು ತಿಂಗಳ ನಂತರ ಮಕರದಲ್ಲಿ ಆ ತಾಯಿಯ ಸಾವು. ತಾಯಿಯ ಹೆಸರಿದ್ದಲ್ಲಿ ಅವಳು ಬೆರಳನ್ನು ಇಟ್ಟಳು. ಗುಮಾಸ್ತ ನಕಲು ಬರೆದು ಮುಗಿಸುವವರೆಗೆ ಅದನ್ನು ತೆಗೆಯಲಿಲ್ಲ.

ಊರಿನಲ್ಲಿ ಮನೆಯವರೆಲ್ಲ ಚಾವಡಿಯಲ್ಲಿ ಸೇರಿದ ದಿನ ನಾನೂ ಇದ್ದೆ. ಯಜಮಾನರು ನಕಲನ್ನು ಮನಸ್ಸಿನಲ್ಲೇ ಓದಿ ಮಡಚಿದರು.

“ಆಯ್ತು, ಸೇರಿಸುವ. ಒಳಗೆ ಬಾ, ಊಟ ಮಾಡು.”

ಚಿಕ್ಕಮ್ಮ ಕದಲಲಿಲ್ಲ. “ನನ್ನನ್ನು ಹೊರಗೆ ಹಾಕಿದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದ್ರಿ ಮಾವ. ಇದನ್ನೂ ಹಾಗೇ ಓದಿ.”

ಅವರು ಓದಿದರು. ಸ್ವರ ಸಣ್ಣದಾಗಿತ್ತು.

“ಜೋರಾಗಿ. ಹಿಂದೆ ಕೂತವರಿಗೆ ಕೇಳ್ತಾ ಇಲ್ಲ.”

ಹೆಂಗಸರ ಕಡೆಯಿಂದ ಯಾರೋ ನಕ್ಕರು. ಯಜಮಾನರು ಕನ್ನಡಕ ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಓದಿದರು, ಅಜ್ಜಿಯ ಹೆಸರು ಬಂದಾಗ ಸ್ವಲ್ಪ ತಡೆದರು. ಅವರ ತಂಗಿಯಲ್ಲವೇ. ಆಮೇಲೆ ವಂಶವೃಕ್ಷದ ಹಾಳೆ ಬಿಡಿಸಿ, ಅಜ್ಜಿಯ ಹೆಸರಿನಿಂದ ಒಂದು ಗೆರೆ ಎಳೆದು ಚಿಕ್ಕಮ್ಮನ ಹೆಸರು ಬರೆದರು. ಅವಳು ಅವರ ಹೆಗಲ ಹಿಂದೆ ನಿಂತು, ಶಾಲೆಯಲ್ಲಿ ಮಕ್ಕಳ ಸ್ಲೇಟು ನೋಡುವ ಹಾಗೆ ನೋಡಿದಳು.

“ಇಷ್ಟು ಕೆಳಗೆ ಬರೀಬೇಡಿ,” ಎಂದಳು. “ಅಡಿಯಲ್ಲಿ ನನ್ನ ಹುಡುಗಿಯರಿಗೆ ಜಾಗ ಬೇಕು.”