ಸುವರ್ಣಾಳ ರಕ್ತದ ಸುದ್ದಿ

ಸುವರ್ಣಾ, ನಿನ್ನ ಮೊದಲ ಸಂಬಂಧ ಮುರಿದದ್ದು ನಾನು. ನಿಶ್ಚಯಕ್ಕೆ ಎಂಟೇ ದಿನ ಇರುವಾಗ ಬ್ರಹ್ಮಪುರದ ಆ ಮನೆಯವರು ಬೇಡ ಅಂದರಲ್ಲ — ಹಾಗೆ ಅನ್ನಿಸಿದ್ದು ನನ್ನ ನಾಲಿಗೆ. ಇಷ್ಟು ಬರೆಯಲು ಏಳು ವರ್ಷ ಹಿಡಿಯಿತು. ಈಗಲೂ ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದಿದ್ದೇನೆ.

ನಿಮ್ಮ ಓಣಿಗೆ ನಾನು ಸೂಜಿ ಅಕ್ಕೋರು. ಕಲಬುರಗಿಯಿಂದ ಹುಮನಾಬಾದ್ ಬಸ್ಸು ಹತ್ತಿ ವಾರಕ್ಕೆರಡು ಸಲ ಕಮಲಾಪುರಕ್ಕೆ ಬಂದು ಮನೆಮನೆ ತಿರುಗಿ ರಕ್ತ ತೆಗೆಯುತ್ತಿದ್ದವಳು. ಮನುಷ್ಯನ ವಂಶವಾಹಿಯನ್ನು ವಿಜ್ಞಾನಿಗಳು ಓದಿ ಮುಗಿಸಿದರಂತೆ ಎಂದು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲ ಅದು. ನಮ್ಮ ಡಾಕ್ಟರ್ ಸಾಹೇಬರ ಸಂಶೋಧನೆಗೆ ನಿಮ್ಮಂಥ ಮನೆತನಗಳೇ ಬೇಕಿದ್ದವು — ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಟ್ಟು ತಂದು ನಾಲ್ಕು ತಲೆಮಾರು ಒಳಗೊಳಗೇ ಕೂಡಿಕೊಂಡವು. ಕೂಸಿನ ಮೈಯಲ್ಲಿ ಸಾಕಷ್ಟು ರಕ್ತ ಹುಟ್ಟದೆ ತಿಂಗಳಿಗೊಮ್ಮೆ ಬೇರೆಯವರ ರಕ್ತ ಏರಿಸಬೇಕಾದ ಕಾಯಿಲೆಯೊಂದಿದೆ, ಥಲಸ್ಸೀಮಿಯಾ ಎಂದು. ಇಂಥ ಮನೆಗಳಲ್ಲಿ ಅದು ಹೇಗೆ ಇಳಿದು ಬರುತ್ತದೆ ಎಂದು ಅವರು ಹುಡುಕುತ್ತಿದ್ದರು.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ತಿಳಿಯುವಂತೆ ಹೇಳುವುದು ನನ್ನ ಕೆಲಸ. ನಾನು ಹೇಳಲಿಲ್ಲ. "ರಕ್ತದಾಗ ಶಕ್ತಿ ಎಷ್ಟದ ನೋಡ್ತೀವ್ರಿ" ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ — ಮಧ್ಯಾಹ್ನದ ಬಸ್ಸು ತಪ್ಪಬಾರದಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ನಿನ್ನ ಅವ್ವ ಮಾತ್ರ ಕೇಳಿದ್ದಳು.

"ಮನ್ಯಾಗ ಎರಡು ಹೆಣ್ಣು ಅದಾವ್ರಿ ಅಕ್ಕೋರ. ಹೊರಗ ಯಾರಿಗೂ ಏನೂ ಹೇಳಂಗಿಲ್ಲಲ್ರೀ?"

"ಯಾರಿಗೂ ಹೇಳಂಗಿಲ್ರಿ," ಅಂದೆ. ಆಕೆ ನನ್ನ ಚೀಲದಲ್ಲಿ ನಾಲ್ಕು ಕೆಂಪು ಬಾಳೆಹಣ್ಣು ಇಟ್ಟಳು. ಎರಡನ್ನು ಬಸ್ಸಿನಲ್ಲೇ ತಿಂದೆ.

ರಕ್ತದ ಸೀಸೆಗಳ ಮೇಲೆ ಹೆಸರು ಬರೆಯುತ್ತಿರಲಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ನನ್ನ ಬಳಿ ಇತ್ತು. ನಿನ್ನದು ನಲವತ್ತೊಂದು. ಪರೀಕ್ಷೆ ಮುಗಿದಾಗ ನಲವತ್ತೊಂದರ ಮುಂದೆ "ವಾಹಕ" ಎಂದು ನಾನೇ ಬರೆದೆ. ವಾಹಕ ಅಂದರೆ ನಿನಗೆ ಕಾಯಿಲೆ ಇಲ್ಲ, ಬರುವುದೂ ಇಲ್ಲ. ಕಟ್ಟಿಕೊಂಡ ಗಂಡನೂ ವಾಹಕನಾಗಿದ್ದರೆ ಮಾತ್ರ ಹುಟ್ಟುವ ಕೂಸಿಗೆ ಅಪಾಯ. ಇದನ್ನು ಡಾಕ್ಟರ್ ಸಾಹೇಬರೇ ನಿನ್ನ ಎದುರಿಗೆ ಕೂತು ಹೇಳಬೇಕೆಂದು ನಿಯಮ. ಎಲ್ಲರದೂ ಮುಗಿಯಲಿ, ಒಟ್ಟಿಗೆ ಹೇಳೋಣ ಅಂದರು. ಆ ಒಟ್ಟಿಗೆ ಬರಲೇ ಇಲ್ಲ.

ಬಂದದ್ದು ಗಂಗಕಾಕಿ. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಮಗ ನಂದೂರಿನ ದಾಲ್‌ಮಿಲ್ಲಿನಲ್ಲಿ ಗುಮಾಸ್ತ, ನಿನ್ನನ್ನು ನೋಡಿ ಒಪ್ಪಿದ್ದ. ಹೆಣ್ಣನ್ನು ಒಪ್ಪಿದ ಮೇಲೆ ಆ ಮನೆ ಹೇಗೆಂದು ನಾಲ್ಕು ಕಡೆ ವಿಚಾರಿಸುವುದು ನಮ್ಮ ಕಡೆ ಇದ್ದದ್ದೇ. ಕೇಳಿದವರು "ಛಲೋ ಮಂದಿ" ಅಂದರೆ ವಿಚಾರಣೆ ಮುಗಿದಂತೆ. ನಾನೂ ಅಷ್ಟು ಅನ್ನಬಹುದಿತ್ತು —

"ನೀ ಅವರ ಮನಿಗೆ ಹೋಗಿ ಬರ್ತಿ. ಖರೇ ಹೇಳವ್ವ, ಹುಡುಗಿ ಹ್ಯಾಂಗ?" ಎಂದು ಕಾಕಿ ಕೇಳಿದರು.

"ಹುಡುಗಿ ಬಂಗಾರದಂಥಾಕಿ. ಆದ್ರ ರಕ್ತದಾಗ ಒಂದೀಟು ಐಬು ಅದ ಕಾಕಿ."

ಇಷ್ಟೇ. ಯಾಕೆ ಹೇಳಿದೆ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ನಿನ್ನ ಮೇಲೆ ಸಿಟ್ಟಿರಲಿಲ್ಲ. ಆ ಮನೆಗೆ ಒಳ್ಳೆಯದಾಗಲಿ ಎಂಬ ಕಾಳಜಿಯೇ? ಅದೂ ಸುಳ್ಳು. ಕಾಳಜಿ ಇದ್ದರೆ "ಹುಡುಗನ ರಕ್ತಾನೂ ಒಮ್ಮೆ ನೋಡಸ್ರಿ, ಅವನದು ಸರಿ ಇದ್ರ ಏನೂ ಚಿಂತಿ ಇಲ್ಲ" ಅನ್ನುತ್ತಿದ್ದೆ. ಆ ಉಳಿದರ್ಧ ನನ್ನ ಬಾಯಿಂದ ಬರಲಿಲ್ಲ. ಇಪ್ಪತ್ತಾರರ ವಯಸ್ಸು, ಮೈಮೇಲೆ ಬಿಳಿ ಕೋಟು, ಓಣಿಯ ಹಿರಿಯಳೊಬ್ಬಳು ನನ್ನ ಮಾತಿಗಾಗಿ ಕಾಯುತ್ತ ಕೂತಿದ್ದಾಳೆ. ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಪಲ — ಅಷ್ಟಕ್ಕೆ ನಿನ್ನನ್ನು ಮಾರಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಅರ್ಧ ನಿಜ ಹೇಳಿ ಒಂದು ಮದುವೆ ಕೆಡಿಸಿದೆ.

ಕಾಕಿಯ ಬಾಯಿಂದ ಅದು ಬೆಳೆಯಿತು. "ಆ ಮನಿ ರಕ್ತಾನೇ ಕೆಟ್ಟದಂತ" ಎಂದು ನನ್ನ ಕಿವಿಗೇ ತಿರುಗಿ ಬಂತು. ಮುಂದೆ ನಿನ್ನನ್ನು ನೋಡಲು ಹೊರಗಿನವರು ಯಾರೂ ಬರಲಿಲ್ಲ. ಯಾರು ಹೇಳಿದರು ಎಂಬುದು ನಿಮಗೆ ತಿಳಿಯಲಿಲ್ಲ. ನಿನ್ನ ಅವ್ವ ನನ್ನನ್ನೇ ಕೂರಿಸಿಕೊಂಡು ಅತ್ತಳು, ನಾನು ನೀರು ತಂದುಕೊಟ್ಟೆ.

ಆಮೇಲೆ ಒಂದು ದಿನ ಆಕೆಯೇ ಅಂದಳು. "ಮಂದಿಗೆ ನಮ್ಮ ರಕ್ತ ಬ್ಯಾಡಾಗ್ಯದ್ರಿ. ನಮ್ಮದು ನಮ್ಮೊಳಗೇ ಇರ್ಲಿ ಬಿಡ್ರಿ. ನಮ್ಮ ತಮ್ಮ ಮಲ್ಲಿನಾಥಗ ಕೊಡ್ತೀವಿ."

ಮಲ್ಲಿನಾಥ, ನಿನ್ನ ಸೋದರಮಾವ. ಸಂಖ್ಯೆ ನಲವತ್ತಾರು. ಆ ಸಂಖ್ಯೆಯ ಮುಂದೆಯೂ "ವಾಹಕ" ಎಂಬ ಅದೇ ಪದವನ್ನು ನಾನೇ ಬರೆದಿದ್ದೆ.

ಅವತ್ತು ಹೇಳಬೇಕಿತ್ತು. ಹೇಳಬಾರದ ಕಡೆ ಬಾಯಿಬಿಟ್ಟವಳು ಹೇಳಲೇಬೇಕಾದ ಕಡೆ ತುಟಿ ಹೊಲಿದುಕೊಂಡೆ. ಈಗ ಬಾಯಿ ತೆರೆದರೆ ಮೊದಲಿನದೂ ನನ್ನದೇ ಎಂದು ಗೊತ್ತಾಗುತ್ತದೆ, ನೌಕರಿ ಹೋಗುತ್ತದೆ — ಇಷ್ಟೇ ತಲೆಯಲ್ಲಿದ್ದದ್ದು. ಸಾಹೇಬರಿಗೂ ಹೇಳಲಿಲ್ಲ. ಅವರು ಆಗಲೇ ಸೀಸೆಗಳನ್ನು ಕಟ್ಟಿಸಿಕೊಂಡು ಬೇರೆ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಹೋಗುವ ಗಡಿಬಿಡಿಯಲ್ಲಿದ್ದರು. ಪಟ್ಟಿ ಎಲ್ಲಿ ಎಂದು ಅವರೂ ಕೇಳಲಿಲ್ಲ, ಅದು ನನ್ನ ಟ್ರಂಕಿನಲ್ಲೇ ಉಳಿಯಿತು. ನಿನ್ನ ಮದುವೆಗೆ ಬಂದೆ. ಎಲ್ಲರ ಜೊತೆ ನಿಂತು ನಿಮ್ಮಿಬ್ಬರ ತಲೆಯ ಮೇಲೆ ಅಕ್ಷತೆ ಹಾಕಿದೆ. ಹೋಳಿಗೆ ಉಂಡೆ.

ನಿನ್ನ ಮಗ ಬಸುವಿಗೆ ಈಗ ನಾಲ್ಕು ವರ್ಷ. ತಿಂಗಳಿಗೊಮ್ಮೆ ಅವನನ್ನು ಎತ್ತಿಕೊಂಡು ನೀನು ಕಮಲಾಪುರದಿಂದ ಕಲಬುರಗಿಯ ದವಾಖಾನೆಗೆ ಬರುತ್ತೀ. ಅಲ್ಲಿ ರಕ್ತದ ಚೀಲ ಕೊಡುವ ಕಿಟಕಿಯಲ್ಲೇ ಈಗ ನನ್ನ ನೌಕರಿ. ನನ್ನನ್ನು ಕಂಡರೆ ನಿನಗೆ ಸಮಾಧಾನ, ಗುರುತಿನವರು ಒಬ್ಬರಿದ್ದಾರೆ ಎಂದು. ಅವನ ಕೈ ಹಿಡಿದು ನಾನೇ ನರ ಹುಡುಕಿಕೊಡುತ್ತೇನೆ. ಅವನು ಅಳುವುದನ್ನೂ ಬಿಟ್ಟಿದ್ದಾನೆ. ಅದನ್ನು ನೋಡಲಾಗುವುದಿಲ್ಲ ನನಗೆ.

ಹೋದ ತಿಂಗಳು ಚೀಲದಿಂದ ಹನಿ ಇಳಿಯುತ್ತಿರುವಾಗ ನೀನು ಕೇಳಿದೆ, ಮೆಲ್ಲಗೆ, ಯಾವ ಅನುಮಾನವೂ ಇಲ್ಲದೆ: "ಅವಾಗ ನಮ್ಮ ಎಲ್ಲಾರ ರಕ್ತ ಒಯ್ದಿದ್ರಲ್ರೀ ಅಕ್ಕೋರ. ಅದರಾಗ ಇದು ಗೊತ್ತಾಗಿರಲಿಲ್ಲೇನ್ರೀ?"

"ಇಲ್ಲವ್ವ," ಅಂದೆ.

ನೀನು ತಲೆಯಾಡಿಸಿ ಬೇರೆ ಮಾತು ತೆಗೆದೆ. ತಂಗಿ ಸುನಂದಾಗೆ ಅತ್ತೆಯ ಮಗನನ್ನು ನೋಡಿದ್ದಾರೆ, ದೀಪಾವಳಿ ಕಳೆದ ಮೇಲೆ ಮದುವೆ. "ಹೊರಗಿನವರು ಯಾರು ಬರ್ತಾರ್ರಿ ನಮ್ಮ ಮನಿಗೆ," ಎಂದು ನೀನೇ ಅಂದೆ. ನಗುತ್ತಲೇ ಅಂದೆ. ಅವತ್ತಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ.

ಗೊತ್ತಾಗಿತ್ತು, ಸುವರ್ಣಾ. ನಿನ್ನ ಕೊರಳಿಗೆ ತಾಳಿ ಬೀಳುವ ಮೊದಲೇ ನನಗೆ ಗೊತ್ತಾಗಿತ್ತು. ಕ್ಷಮಿಸು ಎಂದು ಬರೆದು ಅಳಿಸಿದ್ದೇನೆ. ಬಸುವಿನ ತೋಳಿನ ತುಂಬ ಸೂಜಿಯ ಕಲೆ ಇರುವಾಗ ಆ ಮಾತನ್ನು ಯಾವ ಬಾಯಿಂದ ಕೇಳಲಿ.

ಸುನಂದಾಳ ಸಂಖ್ಯೆ ನಲವತ್ತೆರಡು. ಅದರ ಮುಂದೆ ಏನಿದೆ ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ, ನಿನಗೂ ಹೇಳುವುದಿಲ್ಲ. ಅದು ಅವಳದು. ತಿಳಿಯಬೇಕೋ ಬೇಡವೋ ಎಂದು ಮೊದಲು ಅವಳನ್ನೇ ಕೇಳುತ್ತೇನೆ — ನಿಮ್ಮಲ್ಲಿ ಒಬ್ಬರನ್ನೂ ನಾನು ಹಾಗೆ ಕೇಳಿರಲಿಲ್ಲ. ಬೇಕು ಅಂದರೆ ದವಾಖಾನೆಯ ಡಾಕ್ಟರಮ್ಮನ ಎದುರಿಗೆ ಕೂರಿಸಿ ಪೂರ್ತಿ ಹೇಳಿಸುತ್ತೇನೆ. ಹುಡುಗನ ರಕ್ತವನ್ನೂ, ಅವನು ಒಪ್ಪಿದರೆ, ನೋಡಿಸಬೇಕು. ನಾನು ಮಾಡಿದ್ದನ್ನು ಆ ಡಾಕ್ಟರಮ್ಮನಿಗೂ ಬರೆದುಕೊಟ್ಟಿದ್ದೇನೆ. ನೌಕರಿಯ ವಿಷಯ ಅವರಿಗೆ ಬಿಟ್ಟದ್ದು.

ಈ ಕಾಗದ ನಿನಗೆ ಸೋಮವಾರ ಸಿಗುತ್ತದೆ. ಗುರುವಾರ ಬೆಳಗಿನ ಬಸ್ಸಿಗೆ ನಾನು ಕಮಲಾಪುರದಲ್ಲಿ ಇಳಿಯುತ್ತೇನೆ. ನನ್ನ ಮುಖ ನೋಡಬೇಡ, ಬಾಗಿಲು ಹಾಕಿಕೋ. ಸುನಂದಾಳನ್ನು ಮಾತ್ರ ಒಂದು ಸಲ ಹೊರಗೆ ಕಳಿಸು.